ವಯಸ್ಸಂಧಿಯ ಚಿತ್ರಣ: ಕನ್ನಡ ಕಥನಸಾಹಿತ್ಯದ ಒಂದು ಸಮೀಕ್ಷೆ

ಮನುಷ್ಯನ ಆಯುಸ್ಸನ್ನು ಬಾಲ್ಯ, ಯೌವನ, ವಾರ್ಧಕ್ಯ ಎಂದು ಮೂರಾಗಿ ವಿಭಾಗಿಸುವುದು ನಮ್ಮಲ್ಲಿ ಬಹುಕಾಲದ ರೂಢಿ. ಬಾಲ್ಯವು ಎಲ್ಲಿ ಮುಗಿಯಿತು, ಯೌವನವು ಎಲ್ಲಿ ಮೊದಲಾಯಿತು ಎಂಬ ಪ್ರಶ್ನೆಯನ್ನು ಈ ವಿಭಾಗವು ಕೇಳುವುದಿಲ್ಲ. ಭಾಷೆಯು ಮಾತ್ರ ಅದನ್ನು ಅರಿತಿದೆ. ‘ಹರೆಯ’, ‘ಪ್ರಾಯ’ ಎಂಬ ಮಾತುಗಳು ಬಳಕೆಯಲ್ಲಿವೆ. ಹುಡುಗಿಯು ‘ಮೈನೆರೆದಳು’, ‘ದೊಡ್ಡವಳಾದಳು’ ಎನ್ನುತ್ತೇವೆ. ಹುಡುಗನಿಗೆ ‘ಮೀಸೆ ಚಿಗುರಿತು’ ಎನ್ನುತ್ತೇವೆ. ಸಂಸ್ಕೃತದ ಅಲಂಕಾರಿಕರು ಇದೇ ಕಾಲವನ್ನು ‘ವಯಸ್ಸಂಧಿ’ ಎಂದು ಕರೆದರು. ಈ ಮಾತುಗಳಲ್ಲಿ ಬಹುಪಾಲು ನೋಡುವವರ ಕಣ್ಣಿಗೆ ಬಿದ್ದುದನ್ನು ಹೇಳುತ್ತವೆ; ಆ ಮಾರ್ಪಾಟನ್ನು ಒಳಗಿನಿಂದ ಅನುಭವಿಸುತ್ತಿರುವ ಜೀವಕ್ಕೆ ಏನಾಗುತ್ತಿದೆಯೆಂಬುದನ್ನು ಹೇಳುವುದಿಲ್ಲ. ಕನ್ನಡದ ಕಥನಸಾಹಿತ್ಯವು ಆ ಒಳಗನ್ನು ಎಷ್ಟರಮಟ್ಟಿಗೆ ಕಂಡಿದೆ, ಕಾಣದಿದ್ದಲ್ಲಿ ಅದಕ್ಕೆ ಕಾರಣವೇನು ಎಂಬುದನ್ನು ಕೆಲವು ಕೃತಿಗಳ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯದ ಸ್ವರೂಪವನ್ನು ನಿರ್ಧರಿಸಿಕೊಳ್ಳುವುದು ಯುಕ್ತ. ಶರೀರಶಾಸ್ತ್ರದ ಪ್ರಕಾರ ಈ ಮಾರ್ಪಾಟು ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಪ್ರಾರಂಭವಾಗುತ್ತದೆ. ಅಲ್ಲಿಂದ ಬಿಟ್ಟುಬಿಟ್ಟು ಹೊಮ್ಮುವ ರಸವು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಆ ಗ್ರಂಥಿಯ ಪ್ರೇರಣೆಯಿಂದ ಅಂಡಾಶಯ ಅಥವಾ ವೃಷಣಗಳು ತಮ್ಮ ಕಾರ್ಯವನ್ನು ಆರಂಭಿಸುತ್ತವೆ. ಸಾಮಾನ್ಯವಾಗಿ ಹುಡುಗಿಯರಲ್ಲಿ 8ರಿಂದ 13ನೆಯ ವಯಸ್ಸಿನೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಇದರ ಮೊದಲ ಗುರುತುಗಳು ತೋರುತ್ತವೆ. ಶರೀರವು ಕೆಲವೇ ವರ್ಷಗಳಲ್ಲಿ ಪ್ರೌಢವಾಗುವುದಾದರೂ, ಮುಂದಾಲೋಚನೆಗೂ ಆತ್ಮಸಂಯಮಕ್ಕೂ ಆಧಾರವಾದ ಮಿದುಳಿನ ಮುಂಭಾಗವು ಇಪ್ಪತ್ತರ ಆಚೆಗೂ ಬೆಳೆಯುತ್ತಲೇ ಇರುತ್ತದೆ. ಈ ಎರಡು ಬೆಳವಣಿಗೆಗಳ ನಡುವಣ ಅಂತರದಲ್ಲಿಯೇ ಹರೆಯದ ಭಾವಸಂಕಟಗಳು ತಲೆಯೆತ್ತುತ್ತವೆ. ಕಾರಣವಿಲ್ಲದೆ ಬರುವ ಸಿಟ್ಟು, ಕಾರಣವಿಲ್ಲದೆ ತುಂಬಿಬರುವ ಕಣ್ಣೀರು, ತನ್ನ ದೇಹವನ್ನು ಕುರಿತ ಸಂಕೋಚ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ಅಳುಕು, ತಂದೆತಾಯಿಗಳಿಂದ ದೂರ ಸರಿದು ಓರಗೆಯವರಲ್ಲಿ ಆಶ್ರಯವನ್ನು ಅರಸುವ ಹಂಬಲ, ಒಂಟಿತನವನ್ನು ಬಯಸುತ್ತಲೇ ಅದಕ್ಕೆ ಹೆದರುವ ಇಬ್ಬಂದಿ, ಇವೆಲ್ಲವೂ ಈ ಕಾಲದ ಲಕ್ಷಣಗಳು.

ಇವು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯಾಗಿರುವುವೆ? ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಹಾಲ್ ಅವರು 1904ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥದಲ್ಲಿ ಹರೆಯವನ್ನು ಬಿರುಗಾಳಿಯ ಕಾಲವೆಂದು ವರ್ಣಿಸಿ, ಅದು ಪ್ರಕೃತಿಸಹಜವೆಂದು ಸಾಧಿಸಿದರು. ಮಾರ್ಗರೆಟ್ ಮೀಡ್ ಅವರು ಸಮೋವಾ ದ್ವೀಪದ ಹುಡುಗಿಯರ ನಡುವೆ ಅಧ್ಯಯನ ನಡೆಸಿ, 1928ರ ತಮ್ಮ ಗ್ರಂಥದಲ್ಲಿ ಅಂಥ ಬಿರುಗಾಳಿಯು ಅನಿವಾರ್ಯವಲ್ಲವೆಂದೂ ಸಮಾಜದ ಕಟ್ಟಳೆಗಳೇ ಅದನ್ನು ಎಬ್ಬಿಸುತ್ತವೆಯೆಂದೂ ವಾದಿಸಿದರು. 1983ರಲ್ಲಿ ಡೆರೆಕ್ ಫ್ರೀಮನ್ ಅವರು ಮೀಡ್ ಅವರ ನಿರ್ಣಯವನ್ನು ಕಟುವಾಗಿ ಅಲ್ಲಗಳೆದರು; ಫ್ರೀಮನ್ ಅವರ ಖಂಡನೆಯೂ ಅತಿಯಾಯಿತೆಂದು ಬಳಿಕ ಹಲವರು ತೋರಿಸಿದರು. ಈ ವಾದದ ತೀರ್ಪು ಏನೇ ಇರಲಿ, ಸಾಹಿತ್ಯದ ವಿದ್ಯಾರ್ಥಿಗೆ ಉಪಯುಕ್ತವಾದ ಒಂದು ವಿವೇಕವು ಅದರಿಂದ ದೊರೆಯುತ್ತದೆ. ಮೈನೆರೆಯುವುದು ಪ್ರಕೃತಿಯ ಕಾರ್ಯ. ಮೈನೆರೆದ ಬಳಿಕ ಆ ಜೀವಕ್ಕೆ ಬೆಳೆಯಲು ಎಷ್ಟು ಕಾಲ ಕೊಡಬೇಕೆಂಬುದನ್ನು ನಿರ್ಧರಿಸುವುದು ಸಮಾಜ. ಮೊದಲನೆಯದನ್ನು ಪ್ರೌಢತ್ವಪ್ರಾಪ್ತಿಯೆಂದೂ ಎರಡನೆಯದನ್ನು ಹರೆಯವೆಂದೂ ಈ ಲೇಖನದ ಮಟ್ಟಿಗೆ ಕರೆಯೋಣ. ಒಂದನೆಯದು ಎಲ್ಲರಿಗೂ ಬರುತ್ತದೆ. ಎರಡನೆಯದು ಎಲ್ಲರಿಗೂ ದಕ್ಕಿಲ್ಲ.

ನಮ್ಮ ನಾಡಿನಲ್ಲಿ ಅದು ಯಾರಿಗೆ ದಕ್ಕಿತು? ಮೇಲುವರ್ಗದ ಹಲವು ಜಾತಿಗಳಲ್ಲಿ ಹುಡುಗಿಯು ಮೈನೆರೆಯುವ ಮೊದಲೇ ಮದುವೆಯಾಗಬೇಕೆಂಬ ನಿಯಮವಿದ್ದಿತು. ಮೈನೆರೆದೊಡನೆ ಆಕೆಯನ್ನು ಗಂಡನ ಮನೆಗೆ ಕಳುಹಿಸುವರು. ಎಂದರೆ ಬಾಲ್ಯದ ಬಾಗಿಲು ಮುಚ್ಚಿದ ದಿನವೇ ಗೃಹಿಣೀತ್ವದ ಬಾಗಿಲು ತೆರೆಯುತ್ತಿತ್ತು. ನಡುವೆ ನಿಂತು ಉಸಿರೆಳೆಯಲು ಪಡಸಾಲೆಯೇ ಇರಲಿಲ್ಲ. ಮೈಸೂರು ಸಂಸ್ಥಾನವು 1894ರಲ್ಲಿ ಶಿಶುವಿವಾಹ ಪ್ರತಿಬಂಧಕ ಶಾಸನವನ್ನು ತಂದಾಗಲೂ ಅದು ನಿಷೇಧಿಸಿದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು, ಮತ್ತು ಐವತ್ತು ಮೀರಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ವರಿಸುವುದನ್ನು ಮಾತ್ರ. ಬ್ರಿಟಿಷ್ ಇಂಡಿಯದಲ್ಲಿ 1929ರ ಸಾರದಾ ಶಾಸನವು ಹುಡುಗಿಗೆ 14, ಹುಡುಗನಿಗೆ 18 ಎಂಬ ಮಿತಿಯನ್ನು ಹಾಕಿತು. 1949ರಲ್ಲಿ ಹುಡುಗಿಯ ಮಿತಿಯು 15ಕ್ಕೂ, 1978ರಲ್ಲಿ ಮಿತಿಗಳು 18 ಮತ್ತು 21ಕ್ಕೂ ಏರಿದವು. ಈ ಅಂಕಿಗಳನ್ನು ಸಾಲಾಗಿ ನೋಡಿದರೆ, ಹರೆಯವೆಂಬ ಅವಧಿಯನ್ನು ಕಾನೂನು ಮತ್ತು ಶಾಲೆ ಸೇರಿ ಅಂಗುಲ ಅಂಗುಲವಾಗಿ ಕಟ್ಟಿದುದು ಸ್ಪಷ್ಟವಾಗುತ್ತದೆ. ಸಾಹಿತ್ಯದಲ್ಲಿ ಅದರ ಚಿತ್ರಣವು ತಡವಾಗಿ ಬಂದುದಕ್ಕೆ ಮುಖ್ಯವಾದ ಕಾರಣವೂ ಇದೇ ಎಂದು ನಾವು ಭಾವಿಸುತ್ತೇವೆ.

ಹಿಂದಿನ ಕಾವ್ಯಗಳಲ್ಲಿ ಯೌವನವರ್ಣನೆಗೆ ಕೊರತೆಯಿಲ್ಲ. ಕಾಳಿದಾಸನು ಕುಮಾರಸಂಭವದ ಮೊದಲ ಸರ್ಗದಲ್ಲಿ ಪಾರ್ವತಿಯ ಹೊಸ ಪ್ರಾಯವನ್ನು ಅಂಗಾಂಗವಾಗಿ ವರ್ಣಿಸಿದನು. ನಮ್ಮ ಚಂಪೂಕವಿಗಳೂ ಅದೇ ಹಾದಿಯಲ್ಲಿ ನಡೆದರು. ದಶರೂಪಕದ ಧನಂಜಯನು ನಾಯಿಕೆಯರನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ವಿಂಗಡಿಸುವಾಗ, ಹೊಸ ವಯಸ್ಸು, ಹೊಸ ಕಾಮ, ಸಮಾಗಮದಲ್ಲಿ ಹಿಂಜರಿಕೆ, ಕೋಪದಲ್ಲಿ ಮೃದುತ್ವ ಇವುಗಳನ್ನು ಮುಗ್ಧೆಯ ಲಕ್ಷಣಗಳೆಂದು ಹೇಳುತ್ತಾನೆ. ಸೂಕ್ಷ್ಮವಾದ ಲಕ್ಷಣವೇ ಸರಿ. ಆದರೆ ಇಲ್ಲಿ ಎಲ್ಲ ಭಾವಗಳೂ ಶೃಂಗಾರದ ಅಂಗಗಳಾಗಿ ಮಾತ್ರ ಬರುತ್ತವೆ. ಲಜ್ಜೆಯುಂಟು, ಭಯವೂ ಉಂಟು, ಎರಡೂ ನಾಯಕನನ್ನು ಕುರಿತವು. ತನ್ನ ದೇಹವನ್ನೇ ಕಂಡು ಬೆರಗಾಗುವ, ತಾಯಿಯೊಡನೆ ಮುನಿಸಿಕೊಳ್ಳುವ, ಗೆಳತಿಯಲ್ಲಿ ಗುಟ್ಟು ಹೇಳಿ ಮರುದಿನ ಹೇಳಿದೆನಲ್ಲಾ ಎಂದು ನವೆಯುವ ಹುಡುಗಿಯನ್ನು ಆ ಕಾವ್ಯಗಳು ಅರಸಲಿಲ್ಲ.

ಜನಪದವು ಈ ಸಂದರ್ಭವನ್ನು ಬೇರೆ ರೀತಿಯಲ್ಲಿ ಎದುರುಗೊಂಡಿತು. ಹಳೆಯ ಮೈಸೂರಿನ ಒಕ್ಕಲು ಮನೆತನಗಳಲ್ಲಿ ಸೋದರಮಾವನು ಹಸಿರುಸೊಪ್ಪು ತಂದು ಗುಡ್ಲು ಕಟ್ಟುವುದು, ಮೈನೆರೆದ ಹುಡುಗಿಯನ್ನು ಅದರಲ್ಲಿ ಕೂರಿಸುವುದು, ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳಿನ ಚಿಗಳಿಗಳನ್ನು ತಿನ್ನಿಸುವುದು, ಮುತ್ತೈದೆಯರು ಆರತಿಯೆತ್ತಿ ಒಸಗೆಯ ಹಾಡು ಹೇಳುವುದು, ಇವು ಆಕೆಯ ಮಾರ್ಪಾಟನ್ನು ಊರೇ ಒಪ್ಪಿಕೊಂಡುದರ ಕುರುಹು. ಭಯಗೊಂಡ ಹುಡುಗಿಗೆ ‘ನಿನಗೆ ಆದುದು ಕೇಡಲ್ಲ, ಸಂತೋಷ’ ಎಂದು ಹೇಳುವ ಶಕ್ತಿ ಆ ಹಾಡಿಗೆ ಇದ್ದಿತು; ಇದು ಸಣ್ಣ ಉಪಕಾರವಲ್ಲ. ಅದೇ ಸಮಾರಂಭವು ಆಕೆಯು ಮದುವೆಗೆ ಸಿದ್ಧಳೆಂಬ ಡಂಗುರವೂ ಆಗಿದ್ದಿತು. ಮತ್ತು ಆಕೆಯನ್ನು ಮನೆಯ ಹೊರಗೆ ಕೂರಿಸಿ ಮುಟ್ಟಬಾರದವಳನ್ನಾಗಿ ಮಾಡುವ ಕಟ್ಟಳೆಯ ಮೊದಲ ದಿನವೂ ಆಗಿದ್ದಿತು. ಸಡಗರವೂ ಬಹಿಷ್ಕಾರವೂ ಒಂದೇ ಗುಡ್ಲಿನ ಕೆಳಗೆ ನಡೆದ ಈ ವಿರೋಧವನ್ನು ಹುಡುಗಿಯ ಮನಸ್ಸು ಹೇಗೆ ಸ್ವೀಕರಿಸಿತೆಂಬುದನ್ನು ಹಾಡು ಹೇಳುವುದಿಲ್ಲ, ಹಾಡುವವರು ಹಿರಿಯರು.

ಆಧುನಿಕ ಗದ್ಯವು ಹುಟ್ಟಿದ ಕಾಲದಲ್ಲಿ ಈ ಮೌನವು ಮೊದಲ ಬಾರಿಗೆ ಬಿರಿಯಿತು. 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯ ನಾಯಿಕೆಯು ಎಳೆಯ ವಯಸ್ಸಿನ ವಿಧವೆ. ತಾಯಿತಂದೆಗಳ ಮನೆಯ ಡಾಂಭಿಕ ಧರ್ಮಾಚರಣೆಗೆ ಒಪ್ಪದೆ, ಓದಿನಲ್ಲಿ ಆಸಕ್ತಿಯನ್ನು ತೋರಿ, ಕೊನೆಗೆ ಮನೆಯನ್ನು ತೊರೆದು ಸುಧಾರಕ ಅಮೃತರಾಯರ ಆಶ್ರಯಕ್ಕೆ ಬರುತ್ತಾಳೆ. ವಿದ್ಯೆ ಕಲಿತು ಭಾಸ್ಕರನೊಡನೆ ಪುನರ್ವಿವಾಹವಾಗುತ್ತಾಳೆ. ಹರೆಯದ ಸಾಮಾಜಿಕ ಮುಖವು, ಎಂದರೆ ಹಿರಿಯರ ಮೌಲ್ಯಗಳನ್ನು ಪರೀಕ್ಷಿಸಿ ನೋಡುವ ಬುದ್ಧಿಯು, ಕನ್ನಡ ಕಾದಂಬರಿಯಲ್ಲಿ ಇಷ್ಟು ಬೇಗ ಒಬ್ಬ ಹುಡುಗಿಯಲ್ಲಿ ಮೂಡಿದುದು ಗಮನಾರ್ಹ. ಆದರೆ ಲೇಖಕರಿಗೆ ಆಕೆಯ ವಿಚಾರವು ಬೇಕಾಗಿದ್ದಷ್ಟು ವಿಕಾರವು ಬೇಕಾಗಿರಲಿಲ್ಲ. ಇಂದಿರೆಯು ಮೊದಲಿನಿಂದಲೂ ವಿವೇಕಿ. ಆಕೆಗೆ ಹರೆಯದ ತಡವರಿಕೆಯಿಲ್ಲ. ಸುಧಾರಣೆಯ ವಾದಕ್ಕೆ ಕಳಂಕವಿಲ್ಲದ ಸಾಕ್ಷಿಯು ಅಗತ್ಯವಾದ್ದರಿಂದ ಕಾದಂಬರಿಯು ಆಕೆಯನ್ನು ಒಮ್ಮೆಲೇ ಪ್ರೌಢಳನ್ನಾಗಿ ಮಾಡಿತು.

ಎಪ್ಪತ್ತೇಳು ವರ್ಷಗಳ ತರುವಾಯ, 1976ರಲ್ಲಿ, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಹೊರಬಂದಿತು. ನಮ್ಮ ವಿಷಯಕ್ಕೆ ಇದು ಕೇಂದ್ರಸ್ಥಾನದಲ್ಲಿರುವ ಕೃತಿ. ಲೇಖಕಿಯು 1917ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿದವರು. ಅವರಿಗೇ ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯಾಗಿ ಶಾಲೆಯು ನಿಂತಿತು. ತಮ್ಮ ಮನೆತನದಲ್ಲಿ ದೀರ್ಘಕಾಲ ಬಾಳಿದ ಹಿರಿಯಳೊಬ್ಬಳ ಜೀವನವನ್ನು ಅವರು ಕಥೆಯಾಗಿಸಿದರು. ಮಲೆನಾಡಿನ ಹುಡುಗಿ ಫಣಿಗೆ ಒಂಬತ್ತರ ಎಳವೆಯಲ್ಲಿ ಮದುವೆ. ಸ್ವಲ್ಪ ಕಾಲದಲ್ಲಿಯೇ ಗಂಡನು ಹಾವು ಕಚ್ಚಿ ತೀರಿಕೊಳ್ಳುತ್ತಾನೆ. ತನಗೆ ಏನಾಯಿತೆಂಬುದೇ ಹುಡುಗಿಗೆ ತಿಳಿಯದು. ಆಕೆಯು ಮೈನೆರೆಯುವವರೆಗೆ ಕೂದಲನ್ನು ಉಳಿಸಿ, ಮೈನೆರೆದ ಮೇಲೆ ತಲೆಯನ್ನು ಬೋಳಿಸುತ್ತಾರೆ.

ಈ ಕ್ರಮದಲ್ಲಿ ಅಡಗಿರುವ ಕ್ರೌರ್ಯವನ್ನು ನಾವು ನಿಂತು ನೋಡಬೇಕು. ಗಂಡನು ಸತ್ತ ದಿನ ಆಕೆಗೆ ಶಿಕ್ಷೆಯ ಪೂರ್ಣಭಾಗವು ವಿಧಿಸಲ್ಪಡಲಿಲ್ಲ. ಆಕೆಯ ದೇಹವು ಹೆಣ್ಣಾದ ದಿನ ವಿಧಿಸಲ್ಪಟ್ಟಿತು. ಬೇರೆ ಹುಡುಗಿಯರಿಗೆ ಆರತಿಯೆತ್ತುವ ಸಂದರ್ಭದಲ್ಲಿ ಆಕೆಗೆ ಕ್ಷೌರದ ಕತ್ತಿ. ಹರೆಯದ ಹುಡುಗಿಯು ತನ್ನ ರೂಪವನ್ನು ಕುರಿತು ಅತ್ಯಂತ ಎಚ್ಚರಗೊಳ್ಳುವ ಕಾಲದಲ್ಲಿಯೇ ಆ ರೂಪವನ್ನು ಅಳಿಸಿ, ‘ನಿನ್ನ ದೇಹವು ಬೆಳೆದುದೇ ತಪ್ಪು’ ಎಂದು ಸಮಾಜವು ಮಾತಿಲ್ಲದೆ ಹೇಳಿತು. ಪ್ರೌಢತ್ವವು ಬಂದಿತು, ಹರೆಯವು ಬರಲಿಲ್ಲ ಎಂಬುದಕ್ಕೆ ಇದಕ್ಕಿಂತ ಖಚಿತವಾದ ನಿದರ್ಶನವು ಕನ್ನಡದಲ್ಲಿ ನಮಗೆ ತಿಳಿದಂತೆ ಇಲ್ಲ.

ಫಣಿಯ ಅಂತರಂಗವನ್ನು ಲೇಖಕಿಯು ಸಾಕಷ್ಟು ಬಿಚ್ಚಲಿಲ್ಲ, ಆಕೆಯನ್ನು ಬೇಗನೆ ತಪಸ್ವಿನಿಯಂತೆ ಎತ್ತರಿಸಿದರು ಎಂಬ ಆಕ್ಷೇಪಣೆಗೆ ಅವಕಾಶವಿದೆ. ಅದರಲ್ಲಿ ಸತ್ಯಾಂಶವುಂಟು. ಆದರೂ ಈ ಕೊರತೆಯು ಪೂರ್ತಿ ಕೊರತೆಯೆನ್ನಲಾಗದು. ಬೆಳೆಯಲು ಅವಧಿಯೇ ಇಲ್ಲದ ಮನಸ್ಸಿಗೆ ಭಾವಗಳನ್ನು ಹೆಸರಿಸುವ ಮಾತು ಎಲ್ಲಿಂದ ಬರಬೇಕು? ಲವಲವಿಕೆಯ ಮಗುವಿಗೂ ಹೊತ್ತಿಗೊಂದು ಊಟ ಬಿಟ್ಟು ಎಲ್ಲರ ಮನೆಯ ಕೆಲಸಕ್ಕೆ ಒದಗುವ ಮೌನಿಯಾದ ವಿಧವೆಗೂ ನಡುವೆ ಕಾದಂಬರಿಯು ಬಿಟ್ಟಿರುವ ಖಾಲಿ ಜಾಗವೇ ಆಕೆಯ ಹರೆಯ. ಕಾದಂಬರಿಯ ಉತ್ತರಾರ್ಧವು ಈ ಓದನ್ನು ಸಮರ್ಥಿಸುತ್ತದೆ. ಇನ್ನೊಂದು ತಲೆಮಾರಿನ ಎಳೆಯ ವಿಧವೆ ದಾಕ್ಷಾಯಣಿಯು ತಲೆ ಬೋಳಿಸಿಕೊಳ್ಳಲು ಬಾಯಿಬಿಟ್ಟು ನಿರಾಕರಿಸುತ್ತಾಳೆ. ಮಡಿಹೆಂಗಸೆಂದು ಎಲ್ಲರೂ ಗೌರವಿಸುವ ಫಣಿಯಮ್ಮನು ಆಗ ಹಿರಿಯರ ಪಕ್ಷವನ್ನು ಹಿಡಿಯದೆ ಆ ಹುಡುಗಿಯ ಪಕ್ಷಕ್ಕೆ ನಿಲ್ಲುತ್ತಾಳೆ. ತನಗೆ ದೊರೆಯದ ಮಾತನ್ನು ಇನ್ನೊಬ್ಬಳ ಬಾಯಲ್ಲಿ ಕೇಳಿ ಗುರುತಿಸಿದ ಮುದುಕಿಯ ಈ ಒಪ್ಪಿಗೆಯಲ್ಲಿ, ಅರುವತ್ತು ವರ್ಷ ಹೂತುಹೋಗಿದ್ದ ಹರೆಯವೊಂದು ಕ್ಷಣಕಾಲ ತಲೆಯೆತ್ತಿದಂತೆ ನಮಗೆ ತೋರುತ್ತದೆ. 1983ರಲ್ಲಿ ಪ್ರೇಮಾ ಕಾರಂತರು ಇದನ್ನು ಚಲನಚಿತ್ರವಾಗಿಸಿದರು.

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವು 1963ರ ‘ಪ್ರಶ್ನೆ’ ಸಂಕಲನದಲ್ಲಿದೆ. ಶೇಷಗಿರಿ ಉಡುಪರ ವೇದಪಾಠಶಾಲೆ, ಅವರ ವಿಧವೆ ಮಗಳು ಯಮುನೆ, ಆಕೆಯ ಬಸಿರು, ಅಗ್ರಹಾರದ ಬಹಿಷ್ಕಾರ, ಬದುಕಿರುವಾಗಲೇ ಆಕೆಗೆ ನಡೆಯುವ ಶ್ರಾದ್ಧ ಇವು ಕಥೆಯ ಹೊರರೂಪ. ತರಗತಿಗಳಲ್ಲಿ ಇದನ್ನು ಸಾಮಾನ್ಯವಾಗಿ ಸಂಪ್ರದಾಯದ ಖಂಡನೆಯೆಂದು ಪಾಠ ಹೇಳುತ್ತಾರೆ. ಅದು ನಿಜ. ಆದರೆ ಕಥೆಯನ್ನು ಕಾಣುತ್ತಿರುವ ಕಣ್ಣು ಒಬ್ಬ ಹುಡುಗನದು ಎಂಬುದಕ್ಕೆ ತಕ್ಕಷ್ಟು ಬೆಲೆ ಕೊಡುವುದಿಲ್ಲ. ಮನೆಬಿಟ್ಟು ಬಂದ ಆ ಹುಡುಗನಿಗೆ ಯಮುನಕ್ಕನೇ ತಾಯಿ, ಅಕ್ಕ, ಗೆಳತಿ. ಆಕೆಯ ದೇಹದಲ್ಲಿ ನಡೆಯುತ್ತಿರುವುದು ಅವನಿಗೆ ಪೂರ್ತಿ ಅರ್ಥವಾಗದು. ಅರ್ಥವಾಗಬಾರದ ಏನೋ ಇದೆಯೆಂಬುದು ಮಾತ್ರ ಅರ್ಥವಾಗುತ್ತದೆ. ಈ ಅರೆತಿಳಿವೇ ವಯಸ್ಸಂಧಿಯ ನಿಜವಾದ ಸ್ಥಾಯಿ. ದೊಡ್ಡವರು ಮುಚ್ಚಿಡುತ್ತಾರೆ, ಪಾಠಶಾಲೆಯ ದೊಡ್ಡ ಹುಡುಗರು ಗೇಲಿಯಾಗಿ ಬಿಚ್ಚುತ್ತಾರೆ, ನಡುವೆ ನಿಂತ ಚಿಕ್ಕವನಿಗೆ ದೇಹವನ್ನು ಕುರಿತ ಮೊದಲ ಪಾಠವು ಭಯದ ಮತ್ತು ಅಪರಾಧದ ಪಾಠವಾಗುತ್ತದೆ. ಘಟವು ಒಡೆದಾಗ ಯಮುನೆಯು ಸಮಾಜಕ್ಕೆ ಸತ್ತಳು. ಹುಡುಗನ ಬಾಲ್ಯವೂ ಅಲ್ಲಿಯೇ ಸತ್ತಿತು. ಗಿರೀಶ ಕಾಸರವಳ್ಳಿಯವರ 1977ರ ಚಲನಚಿತ್ರವೂ ಈ ಬಾಲಸಾಕ್ಷಿಯನ್ನು ಕೈಬಿಡಲಿಲ್ಲ.

ಹುಡುಗರ ಹರೆಯವನ್ನು ಕುರಿತು ಸ್ವಲ್ಪ ಹೇಳುವುದು ಅವಶ್ಯ. ಮಾಸ್ತಿಯವರ ‘ಸುಬ್ಬಣ್ಣ’ದಲ್ಲಿ (1928) ಪುರಾಣಪಂಡಿತನಾದ ತಂದೆಗೂ ಸಂಗೀತಕ್ಕೆ ಒಲಿದ ಮಗನಿಗೂ ನಡುವಣ ವೈಮನಸ್ಯವಿದೆ, ಮಗನು ಮನೆಯನ್ನು ಬಿಟ್ಟು ಹೊರಡುತ್ತಾನೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಇಂಗ್ಲಿಷ್ ಓದಿಗೆಂದು ಪಟ್ಟಣಕ್ಕೆ ಹೋದ ಲಚ್ಚನು ಸಹವಾಸದೋಷದಿಂದ ಕೆಡುತ್ತಾನೆ. ಎರಡರಲ್ಲಿಯೂ ಹರೆಯದ ಸಾಮಾಜಿಕ ಮಾರ್ಪಾಟು, ಎಂದರೆ ತಂದೆಯಿಂದ ದೂರ ಸರಿಯುವುದು ಮತ್ತು ಓರಗೆಯವರ ಸೆಳೆತ, ಯಥಾರ್ಥವಾಗಿ ಬಂದಿದೆ. ಎರಿಕ್ ಎರಿಕ್‌ಸನ್ ಅವರು 1950ರ ಮತ್ತು 1968ರ ತಮ್ಮ ಗ್ರಂಥಗಳಲ್ಲಿ ಹರೆಯದ ಮುಖ್ಯ ಕೆಲಸವು ‘ನಾನು ಯಾರು’ ಎಂಬ ಪ್ರಶ್ನೆಗೆ ಉತ್ತರವನ್ನು ಕಟ್ಟಿಕೊಳ್ಳುವುದೆಂದು ವಿವರಿಸಿದರು. ಸುಬ್ಬಣ್ಣನ ಹಟಕ್ಕೆ ಈ ವಿವರಣೆಯು ಹೊಂದುತ್ತದೆ. ಆದರೆ ಒಡೆಯುವ ದನಿ, ಏಕಾಏಕಿ ಉದ್ದವಾದ ಕೈಕಾಲುಗಳ ಮುಜುಗರ, ಯಾರಲ್ಲಿಯೂ ಕೇಳಲಾಗದ ಅನುಮಾನ, ಇವುಗಳನ್ನು ಆ ಕಾಲದ ಲೇಖಕರು ಬಹುಮಟ್ಟಿಗೆ ಬಿಟ್ಟುಬಿಟ್ಟರು. ಹುಡುಗಿಯ ದೇಹವನ್ನು ಸಮಾಜವು ಅತಿಯಾಗಿ ನೋಡಿತು; ಹುಡುಗನ ದೇಹವನ್ನು ನೋಡಲೇ ಇಲ್ಲ. ಎರಡೂ ಒಂದೇ ಅಜ್ಞಾನದ ಎರಡು ಮುಖಗಳು.

ಇವೆಲ್ಲಕ್ಕಿಂತ ಭಿನ್ನವಾದ ಚಿತ್ರವೊಂದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಅದರ ರಂಗಸ್ಥಳ. ಬೇಡದ ಮದುವೆಯಿಂದ ತಪ್ಪಿಸಿಕೊಂಡು ರಾತ್ರಿ ಕಾಡಿನ ದಾರಿ ಹಿಡಿಯುವ ಚಿನ್ನಮ್ಮನಲ್ಲಿ ಭಯವೂ ಒಲವೂ ಹಟವೂ ಒಟ್ಟಿಗೆ ಕೆಲಸ ಮಾಡುತ್ತವೆ. ಹರೆಯದ ಭಾವಗಳನ್ನು ಕುವೆಂಪು ಅವರು ನಾಗರಿಕ ಸಂಕೋಚದಿಂದ ಬಿಡಿಸಿ, ಮಳೆ, ಕತ್ತಲೆ, ಕಾಡುಗಳ ನಡುವೆ ನಿಲ್ಲಿಸಿದರು. ಫಣಿಗೆ ಕಾಲವೇ ದೊರೆಯಲಿಲ್ಲ. ಚಿನ್ನಮ್ಮನು ಕಾಲವನ್ನು ಕಿತ್ತುಕೊಂಡಳು. ಈಕೆಗೆ ಆಶ್ರಯವಾಗಿ ಮುಕುಂದಯ್ಯನೂ, ನೆರವಿಗೆ ಐತ ಪೀಂಚಲು ಮುಂತಾದ ಸಂಗಾತಿಗಳೂ ಇದ್ದುದನ್ನು ಮರೆಯಬಾರದು. ಹರೆಯದ ಧೈರ್ಯಕ್ಕೆ ಜೊತೆ ಬೇಕು ಎಂಬ ಸತ್ಯವನ್ನು ಕಾದಂಬರಿಯು ಉಪದೇಶವಿಲ್ಲದೆ ತಿಳಿಸುತ್ತದೆ.

ಈ ಬಗೆಯ ಓದಿಗೆ ಎರಡು ಆಕ್ಷೇಪಣೆಗಳನ್ನು ನಿರೀಕ್ಷಿಸಬಹುದು. ಮೊದಲನೆಯದು, ಇಂದಿನ ಮನಶ್ಶಾಸ್ತ್ರದ ಅಳತೆಗೋಲನ್ನು ಹಿಂದಿನ ಜೀವನಕ್ಕೆ ಹಿಡಿಯುವುದು ಅನ್ಯಾಯವೆಂಬುದು. ಕೃತಿಯ ಪಾತ್ರಗಳಿಗೆ ರೋಗದ ಹೆಸರುಗಳನ್ನು ಅಂಟಿಸುವುದಾದರೆ ಅದು ಅನ್ಯಾಯವೇ. ನಾವು ಕೇಳುತ್ತಿರುವುದು ಬೇರೆ: ಆ ಪಾತ್ರಕ್ಕೆ ಬೆಳೆಯಲು ಅವಕಾಶವಿದ್ದಿತೆ, ಲೇಖಕನು ಅದನ್ನು ಕಂಡನೆ ಎಂಬುದು. ಇದು ಶುದ್ಧವಾದ ಸಾಹಿತ್ಯಪ್ರಶ್ನೆ. ಎರಡನೆಯದು, ತರಗತಿಯಲ್ಲಿ ಇಂಥ ವಿಷಯವನ್ನು ಎತ್ತುವುದು ಔಚಿತ್ಯವಲ್ಲವೆಂಬುದು. ಔಚಿತ್ಯವು ಹೇಳುವ ರೀತಿಗೆ ಸಂಬಂಧಿಸಿದುದು; ಮೌನಕ್ಕೆ ಆ ಹೆಸರು ಸಲ್ಲದು. ಪದವಿಪೂರ್ವ ತರಗತಿಯಲ್ಲಿ ಕುಳಿತಿರುವವರು ಹದಿನಾರು ಹದಿನೇಳರ ಮಕ್ಕಳು. ತಾವು ದಾಟುತ್ತಿರುವ ಹೊಳೆಯನ್ನೇ ಕುರಿತ ಕಥೆಯನ್ನು ಓದುವಾಗ ಅಧ್ಯಾಪಕನು ಆ ಹೊಳೆಯ ಹೆಸರನ್ನು ನುಂಗಿಕೊಂಡರೆ, ಪಾಠಶಾಲೆಯ ದೊಡ್ಡ ಹುಡುಗರ ಗೇಲಿಯೇ ಅವರಿಗೆ ಗುರುವಾಗುತ್ತದೆ.

ಹರೆಯದ ಅವಧಿಯು ಈಗ ಶಾಸನದಲ್ಲಿ ಭದ್ರವಾಗಿದೆ. 2006ರ ಬಾಲ್ಯವಿವಾಹ ನಿಷೇಧ ಶಾಸನಕ್ಕೆ ಕರ್ನಾಟಕವು 2016ರಲ್ಲಿ ತಂದ ತಿದ್ದುಪಡಿಯು ಅಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಆದರೂ ಹುಡುಗಿಯು ಮೈನೆರೆದೊಡನೆ ಶಾಲೆ ಬಿಡಿಸುವ, ಗುಟ್ಟಾಗಿ ಮದುವೆ ಮಾಡುವ ಮನೆಗಳು ಇಲ್ಲವಾಗಿಲ್ಲ. ಇನ್ನೊಂದೆಡೆ, ಓದುವ ಮಕ್ಕಳಿಗೆ ದೊರೆತ ಹರೆಯವನ್ನು ಪರೀಕ್ಷೆಯ ಅಂಕಗಳೇ ಪೂರ್ತಿಯಾಗಿ ತುಂಬಿಬಿಡುವ ಅಪಾಯವೂ ಇದೆ. ಅವಧಿಯನ್ನು ಕಾನೂನು ಕೊಡಬಲ್ಲುದು. ಅದರೊಳಗಿನ ಭಾವಗಳಿಗೆ ಮಾತನ್ನು ಕೊಡುವುದು ಸಾಹಿತ್ಯದ ಕಾರ್ಯ. ‘ಇಂದಿರಾಬಾಯಿ’ಯು ಹುಡುಗಿಗೆ ಬುದ್ಧಿಯನ್ನು ಕೊಟ್ಟಿತು, ‘ಘಟಶ್ರಾದ್ಧ’ವು ಹುಡುಗನಿಗೆ ಕಣ್ಣನ್ನು ಕೊಟ್ಟಿತು, ‘ಫಣಿಯಮ್ಮ’ವು ಕಳೆದುಹೋದ ಹರೆಯದ ಲೆಕ್ಕವನ್ನು ಒಪ್ಪಿಸಿತು. ದಾಕ್ಷಾಯಣಿಯು ಬೇಡವೆಂದ ಕ್ಷಣವನ್ನು ಹೊರಗಿನಿಂದ ಕಂಡಿದ್ದೇವೆ. ಆ ಮಾತು ಅವಳ ಗಂಟಲಿನವರೆಗೆ ಬಂದ ದಾರಿಯನ್ನು ಅವಳ ದನಿಯಲ್ಲಿಯೇ ಕೇಳುವುದು ಇನ್ನೂ ಉಳಿದಿದೆ. ಆ ಬರವಣಿಗೆಯು ಇಂದು ನಮ್ಮೆದುರಿನ ಬೆಂಚುಗಳಲ್ಲಿ ಕುಳಿತವರಿಂದ ಬರಬೇಕಾಗಿದೆ. ಅವರು ಅದನ್ನು ಬರೆಯಲು ಅಂಜದಂತೆ ಪಾಠ ಹೇಳುವ ಹೊಣೆ ಅಧ್ಯಾಪಕವರ್ಗದ್ದು.